ಹನ್ನೆರಡನೇ ವಯಸ್ಸಿಗೇ ಮನೆ ಬಿಡುವ ದ್ವೀಪದ ಮಕ್ಕಳು: ಊರು ಏನು ಮಾಡಬಲ್ಲದು?

ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಸಮೂಹಗಳ ನಡುವೆ ಫೇರ್ ಐಲ್ ಎಂಬ ದ್ವೀಪವಿದೆ. ನೂರು ಜನವೂ ಇಲ್ಲದ ಊರು. ಅಲ್ಲಿರುವುದು ಪ್ರಾಥಮಿಕ ಶಾಲೆ ಮಾತ್ರ. ಏಳನೇ ತರಗತಿ ಮುಗಿಸಿದ ಮಗು ಹನ್ನೊಂದು-ಹನ್ನೆರಡರ ವಯಸ್ಸಿಗೆ ಗಂಟುಮೂಟೆ ಕಟ್ಟಿಕೊಂಡು ಶೆಟ್ಲೆಂಡಿನ ಮುಖ್ಯ ಪಟ್ಟಣ ಲರ್ವಿಕ್‌ನ ಹೈಸ್ಕೂಲಿಗೆ ಹೊರಡಬೇಕು, ಅಲ್ಲಿನ ವಿದ್ಯಾರ್ಥಿನಿಲಯದಲ್ಲಿ ಉಳಿಯಬೇಕು. ಮನೆಗೆ ಮರಳಲು ಇರುವುದು ಹನ್ನೆರಡು ಪ್ರಯಾಣಿಕರನ್ನು ಹೊರುವ ಒಂದು ದೋಣಿ, ಇಲ್ಲವೇ ಕೆಲವೇ ಆಸನಗಳ ಪುಟ್ಟ ವಿಮಾನ. ಮಂಜು ಕವಿದರೆ ವಿಮಾನವಿಲ್ಲ, ಕಡಲು ಉಕ್ಕಿದರೆ ದೋಣಿಯಿಲ್ಲ. ಬ್ಯಾಗು ತುಂಬಿಕೊಂಡು ಕಾಯುತ್ತಿರುವ ಮಗುವಿಗೆ ಶುಕ್ರವಾರ ಮಧ್ಯಾಹ್ನ ‘ಇವತ್ತು ಹೋಗಲಾಗುವುದಿಲ್ಲ’ ಎಂಬ ಸುದ್ದಿ ಬಂದರೆ ಆ ವಾರಾಂತ್ಯ ವಿದ್ಯಾರ್ಥಿನಿಲಯದಲ್ಲೇ ಕಳೆಯಬೇಕು.

ಲರ್ವಿಕ್‌ನ ಆ ಶಾಲೆಯ ಹೆಸರು ಆಂಡರ್ಸನ್ ಹೈಸ್ಕೂಲ್. ಶೆಟ್ಲೆಂಡಿನಲ್ಲೇ ಹುಟ್ಟಿ, ಹೊರಗೆ ಹೋಗಿ, ಪಿ ಅಂಡ್ ಓ ಹಡಗು ಕಂಪನಿಯ ಸ್ಥಾಪಕರಲ್ಲಿ ಒಬ್ಬನಾದ ಆರ್ಥರ್ ಆಂಡರ್ಸನ್ 1862ರಲ್ಲಿ ಹುಟ್ಟೂರಿಗೆ ಕಟ್ಟಿಸಿಕೊಟ್ಟ ಶಾಲೆ ಅದು. ದ್ವೀಪಗಳಲ್ಲಿ ಸಮುದಾಯದ ನೆರವು ಎಂದರೆ ಬಹುಕಾಲದಿಂದ ಇದೇ ಅರ್ಥ: ಹೊರಗೆ ಹೋಗಿ ಗಳಿಸಿದವರು ಹಣ ಕಳಿಸುತ್ತಾರೆ, ಆ ಹಣದಲ್ಲಿ ಇನ್ನಷ್ಟು ಮಕ್ಕಳು ಓದಿ ಹೊರಗೆ ಹೋಗುತ್ತಾರೆ. ವಿದ್ಯಾರ್ಥಿವೇತನ, ದತ್ತಿನಿಧಿ, ಬೀಳ್ಕೊಡುಗೆ. ಇದರಿಂದ ಅಸಂಖ್ಯ ಮಕ್ಕಳ ಬದುಕು ಬೆಳಗಿದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ದ್ವೀಪದ ವಿದ್ಯಾರ್ಥಿಯ ಬದುಕಿನಲ್ಲಿ ಕಷ್ಟದ ಘಳಿಗೆಗಳು ಎರಡು. ಮನೆ ಬಿಟ್ಟ ಮೇಲಿನ ಮೊದಲ ತಿಂಗಳುಗಳು ಒಂದು. ಓದು ಮುಗಿದ ಮೇಲೆ ‘ಮುಂದೆ ಎಲ್ಲಿ?’ ಎಂದು ನಿಲ್ಲುವ ಹೊತ್ತು ಇನ್ನೊಂದು. ವಿದ್ಯಾರ್ಥಿವೇತನದ ಚೆಕ್ಕು ಈ ಎರಡನ್ನೂ ಮುಟ್ಟುವುದಿಲ್ಲ. ಅಲ್ಲಿ ಬೇಕಾಗುವುದು ಮನುಷ್ಯರು, ಮತ್ತು ವಾಸಕ್ಕೊಂದು ಮನೆ. ಇವೆರಡಕ್ಕೂ ದೇಣಿಗೆ ಎತ್ತುವುದು ಹೆಚ್ಚು ಕಷ್ಟ. ದ್ವೀಪಗಳ ಶಿಕ್ಷಣದ ಚರ್ಚೆ ಎಡವುತ್ತಿರುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ.

ಒಬ್ಬಳೇ ಇರುವ ತರಗತಿ

ಸಣ್ಣ ದ್ವೀಪದ ಶಾಲೆ ಕೆಳಮಟ್ಟದ ಶಾಲೆಯಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಹೊರಗಿನವರು ಕನಿಕರದಿಂದಲೇ ಮಾತು ಆರಂಭಿಸುತ್ತಾರೆ. ಏಕೋಪಾಧ್ಯಾಯ ಶಾಲೆಯಲ್ಲಿ ಆರೇಳು ಮಕ್ಕಳು, ಎಲ್ಲ ವಯಸ್ಸಿನವರು, ಒಂದೇ ಕೋಣೆಯಲ್ಲಿ ಕೂರುತ್ತಾರೆ. ದೊಡ್ಡವಳು ಚಿಕ್ಕವನಿಗೆ ಓದಿಸುತ್ತಾಳೆ, ಓದಿಸುತ್ತಲೇ ತಾನೂ ಗಟ್ಟಿಯಾಗುತ್ತಾಳೆ. ಶಿಕ್ಷಕಿಗೆ ಪ್ರತಿ ಮಗುವಿನ ಮನೆಯೂ ಗೊತ್ತು, ಮನಸ್ಸೂ ಗೊತ್ತು. ದೊಡ್ಡವರೊಡನೆ ಸಮಾನವಾಗಿ ಮಾತನಾಡುವುದನ್ನು ಈ ಮಕ್ಕಳು ಬೇಗ ಕಲಿಯುತ್ತಾರೆ.

ಕೊರತೆ ಬೇರೆ ಕಡೆ ಇದೆ. ತನ್ನ ತರಗತಿಯಲ್ಲಿ ಒಬ್ಬಳೇ ಇರುವ ಹುಡುಗಿಗೆ ಜಗಳವಾಡಿ ಮಾತು ಬಿಟ್ಟು ಇನ್ನೊಬ್ಬ ಗೆಳತಿಯನ್ನು ಹುಡುಕಿಕೊಳ್ಳುವ ಅವಕಾಶವಿಲ್ಲ. ಲೆಕ್ಕದಲ್ಲಿ ತಾನು ಚುರುಕೋ ಅಲ್ಲವೋ ಎಂದು ತಿಳಿಯಲು ಪಕ್ಕದಲ್ಲಿ ಇನ್ನೊಬ್ಬರಿಲ್ಲ. ಫುಟ್‌ಬಾಲ್ ತಂಡ ಕಟ್ಟಲು ಇಡೀ ದ್ವೀಪದ ಮಕ್ಕಳು ಸಾಲುವುದಿಲ್ಲ. ಅಂಥವಳು ಒಂದು ದಿನ ಮೂವತ್ತು ಜನರ ತರಗತಿಗೆ ಕಾಲಿಟ್ಟು, ಗುರುತಿಲ್ಲದ ಹುಡುಗಿಯೊಡನೆ ಕೋಣೆ ಹಂಚಿಕೊಂಡು, ಗಂಟೆ ಹೊಡೆದಾಗಲೆಲ್ಲ ಕೊಠಡಿ ಬದಲಿಸುತ್ತಾ ಓಡಬೇಕಾಗುತ್ತದೆ. ಮೊದಲ ತಿಂಗಳುಗಳಲ್ಲಿ ಸೋಲುವುದು ಬುದ್ಧಿಯಲ್ಲ. ನಿದ್ದೆ ಸೋಲುತ್ತದೆ, ಹಸಿವು ಸೋಲುತ್ತದೆ, ಕೈ ಎತ್ತಿ ಪ್ರಶ್ನೆ ಕೇಳುವ ಧೈರ್ಯ ಸೋಲುತ್ತದೆ. ಅಂಕ ಇಳಿಯುವುದು ಅವುಗಳ ಬೆನ್ನಿಗೆ.

ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ಇದಕ್ಕೊಂದು ಸರಳ ಪರಿಹಾರ ರೂಪುಗೊಂಡಿದೆ. ಮಟಿನಿಕಸ್, ಮೊನ್ಹೆಗನ್‌ನಂಥ ಹೊರ ದ್ವೀಪಗಳಲ್ಲಿ ಎಂಟನೇ ತರಗತಿಯ ನಂತರ ಶಾಲೆಯಿಲ್ಲ. ಹಾಗಾಗಿ ಬೇರೆ ಬೇರೆ ದ್ವೀಪಗಳ ಪುಟ್ಟ ಶಾಲೆಗಳ ಶಿಕ್ಷಕರು ಕೂಡಿಕೊಂಡು, ಒಂದೇ ವಯಸ್ಸಿನ ಮಕ್ಕಳನ್ನು ವಿಡಿಯೊ ಮೂಲಕ ಸಹಪಾಠಿಗಳನ್ನಾಗಿ ಮಾಡುತ್ತಾರೆ, ಪ್ರವಾಸಗಳಲ್ಲಿ ಮುಖಾಮುಖಿ ಸೇರಿಸುತ್ತಾರೆ. ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಆ ಮಗುವಿಗೆ ತನ್ನಂತೆಯೇ ದ್ವೀಪ ಬಿಟ್ಟು ಬರುತ್ತಿರುವ ನಾಲ್ಕಾರು ಮಕ್ಕಳ ಪರಿಚಯವಾಗಿರುತ್ತದೆ. ಇದರಲ್ಲಿ ದೊಡ್ಡ ಖರ್ಚೇನೂ ಇಲ್ಲ. ಶಿಕ್ಷಕರ ಸಮಯ, ದೋಣಿಯ ಟಿಕೆಟ್ಟು, ಅಷ್ಟೇ.

ಮಗು ಸುಧಾರಿಸಿಕೊಳ್ಳದಿದ್ದರೆ ಅನೇಕ ಕಡೆ ಕುಟುಂಬವೇ ಒಡೆಯುತ್ತದೆ. ತಾಯಿ ಮಗುವಿನೊಡನೆ ಮುಖ್ಯಭೂಮಿಯಲ್ಲಿ ಬಾಡಿಗೆ ಮನೆ ಹಿಡಿಯುತ್ತಾಳೆ, ತಂದೆ ದೋಣಿಯ ಜೊತೆ ದ್ವೀಪದಲ್ಲಿ ಉಳಿಯುತ್ತಾನೆ. ಎರಡು ಮನೆಯ ಖರ್ಚು ನಡೆಯುವುದಿಲ್ಲ ಎಂದಾದಾಗ ತಂದೆಯೂ ಹೊರಡುತ್ತಾನೆ. ಜೊತೆಗೆ ಕಿರಿಯ ಮಕ್ಕಳೂ ಹೋಗುತ್ತಾರೆ. ಆರು ಮಕ್ಕಳ ಶಾಲೆಯಲ್ಲಿ ಎರಡು ಮಕ್ಕಳು ಹೋದರೆ ಮೂರನೇ ಒಂದು ಭಾಗವೇ ಹೋದಂತೆ. ಒಂದು ಶತಮಾನದ ಹಿಂದೆ ಮೇನ್ ಕರಾವಳಿಯ ಸುಮಾರು 300 ದ್ವೀಪಗಳಲ್ಲಿ ವರ್ಷವಿಡೀ ಜನವಸತಿ ಇತ್ತು. ಸೇತುವೆಯ ಸಂಪರ್ಕವಿಲ್ಲದ ದ್ವೀಪಗಳಲ್ಲಿ ಇಂದು ಹಾಗೆ ಉಳಿದಿರುವುದು 15 ಮಾತ್ರ. ಇದಕ್ಕೆ ಮೋಟಾರು ದೋಣಿ, ಮೀನುಗಾರಿಕೆಯ ಬದಲಾವಣೆ ಮುಂತಾದ ಕಾರಣಗಳು ಹಲವಿವೆ. ಆದರೆ ಶಾಲೆಗೆ ಬೀಗ ಬಿದ್ದ ದ್ವೀಪಕ್ಕೆ ಚಿಕ್ಕ ಮಕ್ಕಳಿರುವ ಹೊಸ ಸಂಸಾರ ಬರುವುದಿಲ್ಲ ಎಂಬುದಂತೂ ಎಲ್ಲೆಡೆಯೂ ಕಂಡದ್ದು.

ಎಲ್ಲರಿಗೂ ಎಲ್ಲವೂ ಗೊತ್ತಿರುವ ಊರಿನಲ್ಲಿ

ದ್ವೀಪದ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಬರೆಯುವವರು ಒಂಟಿತನವನ್ನು ಮುಂದಿಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ವಿರುದ್ಧದ ಸಮಸ್ಯೆ: ಮರೆಯೇ ಇಲ್ಲದಿರುವುದು. ಆಪ್ತಸಮಾಲೋಚಕಿಯಾಗಿ ಬಂದವಳು ಸೋದರತ್ತೆಯ ಗೆಳತಿಯಾಗಿರುತ್ತಾಳೆ. ಆರೋಗ್ಯ ಕೇಂದ್ರದ ಮುಂದೆ ನಿಂತ ಸೈಕಲ್ ಯಾರದ್ದೆಂದು ದಾರಿಯಲ್ಲಿ ಹೋಗುವವರಿಗೆಲ್ಲ ಗೊತ್ತು. ಹದಿನೈದರ ಹುಡುಗನಿಗೆ ಮನಸ್ಸು ಬಿಚ್ಚಲು ಜಾಗವಿರುವುದಿಲ್ಲ. ಊರಿನವರ ಪ್ರೀತಿ ಎಷ್ಟೇ ಇದ್ದರೂ ಈ ಜಾಗವನ್ನು ತುಂಬಲಾರದು. ಪ್ರೀತಿ ಹೆಚ್ಚಾದಷ್ಟೂ ಹುಡುಗ ಬಾಯಿ ಬಿಗಿಹಿಡಿಯುವುದೂ ಉಂಟು, ಏಕೆಂದರೆ ತನ್ನ ಮಾತು ಸಂಜೆಯೊಳಗೆ ಅಮ್ಮನ ಕಿವಿ ತಲುಪುತ್ತದೆ ಎಂದು ಅವನಿಗೆ ಗೊತ್ತು.

ಮೇನ್‌ನಲ್ಲಿ 1905ರಲ್ಲಿ ಆರಂಭವಾದ ಮೇನ್ ಸೀಕೋಸ್ಟ್ ಮಿಷನ್ ಎಂಬ ಸಂಸ್ಥೆ ‘ಸನ್‌ಬೀಮ್’ ಎಂಬ ದೋಣಿಯನ್ನು ಹೊರ ದ್ವೀಪಗಳಿಗೆ ಕಳಿಸುತ್ತದೆ. ಅದರಲ್ಲಿ ಒಬ್ಬ ನರ್ಸ್ ಇರುತ್ತಾರೆ, ವಿಡಿಯೊ ಮೂಲಕ ವೈದ್ಯರೊಡನೆ ಮಾತನಾಡುವ ವ್ಯವಸ್ಥೆ ಇದೆ. ಅಷ್ಟೇ ಮುಖ್ಯವಾದದ್ದು, ಕಾಫಿ ಕುಡಿಯುತ್ತಾ ಹರಟೆ ಹೊಡೆಯುವ ಜಾಗವೂ ಅಲ್ಲಿದೆ. ದೋಣಿ ಹತ್ತಿದವನು ಕಾಫಿಗೆ ಹೋದನೋ, ನರ್ಸ್ ಬಳಿ ಹೋದನೋ ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಇಡೀ ಏರ್ಪಾಡಿನ ಬುದ್ಧಿವಂತಿಕೆ ಇಲ್ಲೇ ಇದೆ ಎಂದು ನನ್ನ ಎಣಿಕೆ. ಹೊರಗಿನವರು, ಆದರೆ ಮತ್ತೆ ಮತ್ತೆ ಬರುವ ಹೊರಗಿನವರು. ಊರಿನ ಜಗಳಗಳಲ್ಲಿ ಅವರಿಗೆ ಪಾಲಿಲ್ಲ, ಮುಖಪರಿಚಯ ಮಾತ್ರ ಚೆನ್ನಾಗಿದೆ. ವರ್ಷಕ್ಕೊಮ್ಮೆ ಬಂದು ಭಾಷಣ ಮಾಡಿ ಹೋಗುವ ತಜ್ಞರಿಂದ ಈ ಕೆಲಸ ಆಗುವುದಿಲ್ಲ.

ವಿದ್ಯಾರ್ಥಿನಿಲಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕಟ್ಟಡ ಹೊಸದಾಗಿರಬಹುದು. ಲರ್ವಿಕ್‌ನಲ್ಲಿ 2017ರಲ್ಲಿ ಶಾಲೆಯೂ ವಿದ್ಯಾರ್ಥಿನಿಲಯವೂ ಹೊಸ ಜಾಗಕ್ಕೆ ಬಂದವು. ಆರ್ಕ್ನಿಯ ಕರ್ಕ್‌ವಾಲ್‌ನಲ್ಲಿಯೂ ಹೊರ ದ್ವೀಪದ ಮಕ್ಕಳಿಗಾಗಿ ಪ್ಯಾಪ್‌ಡೇಲ್ ಎಂಬ ವಿದ್ಯಾರ್ಥಿನಿಲಯವಿದೆ. ಕೋಣೆ, ಹಾಸಿಗೆ, ಇಂಟರ್ನೆಟ್‌ಗಿಂತ ಹೆಚ್ಚಾಗಿ ಮಗುವನ್ನು ಹಿಡಿದು ನಿಲ್ಲಿಸುವುದು ರಾತ್ರಿ ಹತ್ತು ಗಂಟೆಗೆ ಬಾಗಿಲು ತಟ್ಟಿ ‘ಊಟ ಮಾಡಿದೆಯಾ?’ ಎಂದು ಕೇಳುವ ಒಬ್ಬ ವ್ಯಕ್ತಿ, ಮತ್ತು ಆ ವ್ಯಕ್ತಿ ಮುಂದಿನ ವರ್ಷವೂ ಅಲ್ಲೇ ಇರುವುದು. ಬಜೆಟ್ ಕಡಿತ ಬಂದಾಗ ಮೊದಲು ಕತ್ತರಿ ಬೀಳುವುದು ಇಂಥ ಹುದ್ದೆಗಳಿಗೆ. ಕಟ್ಟಡದ ಮುಂದೆ ದಾನಿಗಳ ಹೆಸರಿನ ಕಲ್ಲು ನೆಡಬಹುದು, ವಾರ್ಡನ್ನಿನ ಸಂಬಳಕ್ಕೆ ಕಲ್ಲು ನೆಡುವವರಿಲ್ಲ.

ಓಕಿ ದ್ವೀಪಗಳ ಪ್ರಯೋಗ

ಜಪಾನಿನ ಶಿಮಾನೆ ಪ್ರಾಂತ್ಯಕ್ಕೆ ಸೇರಿದ ಓಕಿ ದ್ವೀಪಗಳ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿನ ಡೋಜೆನ್ ಎಂಬ ಭಾಗದಲ್ಲಿ ಮೂರು ದ್ವೀಪಗಳಿವೆ, ಮೂರಕ್ಕೂ ಸೇರಿ ಒಂದೇ ಹೈಸ್ಕೂಲ್. ಅದು ಆಮಾ ಎಂಬ ಊರಿನಲ್ಲಿದೆ. 1950ರ ಸುಮಾರಿಗೆ ಆಮಾದಲ್ಲಿ ಏಳು ಸಾವಿರದಷ್ಟು ಜನರಿದ್ದರು. ಈಗ ಇರುವವರು ಎರಡು ಸಾವಿರದ ಚಿಲ್ಲರೆ. 2008ರ ಹೊತ್ತಿಗೆ ಆ ಹೈಸ್ಕೂಲಿನಲ್ಲಿ ಉಳಿದಿದ್ದವರು ಸುಮಾರು 90 ವಿದ್ಯಾರ್ಥಿಗಳು. ಹೀಗೇ ಬಿಟ್ಟರೆ ಶಾಲೆ ಮುಚ್ಚುವುದು ಖಚಿತವಾಗಿತ್ತು. ಮುಚ್ಚಿದರೆ ಹದಿನೈದಾದ ಪ್ರತಿ ಮಗುವೂ ಫೆರಿ ಹತ್ತಬೇಕು, ಮಕ್ಕಳ ಹಿಂದೆ ಮನೆಗಳೂ ಖಾಲಿಯಾಗಬೇಕು.

ಹೈಸ್ಕೂಲ್ ನಡೆಸುವುದು ಪ್ರಾಂತ್ಯ ಸರ್ಕಾರ. ‘ಅದು ನಮ್ಮ ಕೆಲಸವಲ್ಲ’ ಎಂದು ಮೂರು ಊರುಗಳ ಆಡಳಿತ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ಮೂರೂ ಸೇರಿ ಶಾಲೆಯನ್ನು ಆಕರ್ಷಕಗೊಳಿಸುವ ಯೋಜನೆಗೆ ಕೈ ಹಾಕಿದವು. ಉಪಾಧ್ಯಾಯರಲ್ಲದ, ಆದರೆ ಶಾಲೆಯೊಳಗೇ ಕೂತು ಕೆಲಸ ಮಾಡುವ ಸಂಯೋಜಕರನ್ನು ಹೊರಗಿನಿಂದ ಕರೆತಂದರು. ದ್ವೀಪದ ನೈಜ ಸಮಸ್ಯೆಗಳನ್ನೇ ಪಾಠದ ವಿಷಯವಾಗಿಸಿದರು. 2010ರಲ್ಲಿ ಊರಿನ ಹಣದಲ್ಲಿ ನಡೆಯುವ ಕಲಿಕಾ ಕೇಂದ್ರ ತೆರೆದರು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಖಾಸಗಿ ಟ್ಯೂಷನ್ ಸಿಗದ ಮಕ್ಕಳಿಗೆ ಅಲ್ಲಿ ಸಂಜೆ ಪಾಠ. ಪರೀಕ್ಷೆಯ ತಯಾರಿಯ ಜೊತೆಗೆ ‘ನಾನು ಏನು ಮಾಡಬೇಕೆಂದಿದ್ದೇನೆ, ಏಕೆ?’ ಎಂಬ ಪ್ರಶ್ನೆಯನ್ನು ಊರಿನ ಹಿರಿಯರ ಮುಂದಿಟ್ಟು ಚರ್ಚಿಸುವ ತರಗತಿಗಳೂ ಅಲ್ಲಿ ನಡೆಯುತ್ತವೆ.

ಅದೇ ಸುಮಾರಿಗೆ ಜಪಾನಿನ ಬೇರೆ ಕಡೆಯ ಮಕ್ಕಳು ಬಂದು ಓದಲು ಬಾಗಿಲು ತೆರೆದರು. ದಿಕ್ಕು ಬದಲಾದದ್ದು ಇಲ್ಲಿ: ಮಕ್ಕಳನ್ನು ಕಳಿಸಿಯೇ ರೂಢಿಯಾಗಿದ್ದ ದ್ವೀಪ ಮಕ್ಕಳನ್ನು ಬರಮಾಡಿಕೊಳ್ಳತೊಡಗಿತು. ಹೊರಗಿನಿಂದ ಬಂದ ಮಗುವಿಗೆ ದ್ವೀಪದಲ್ಲೊಂದು ಮನೆಯವರು ‘ದ್ವೀಪದ ತಂದೆತಾಯಿ’ಗಳಾಗುತ್ತಾರೆ. ಮಗು ಉಳಿಯುವುದು ವಿದ್ಯಾರ್ಥಿನಿಲಯದಲ್ಲೇ, ಆದರೆ ಹಬ್ಬಕ್ಕೆ, ಗದ್ದೆ ಕೆಲಸಕ್ಕೆ, ಸುಮ್ಮನೆ ಒಂದು ಹೊತ್ತಿನ ಊಟಕ್ಕೆ ಹೋಗಲು ಅದಕ್ಕೊಂದು ಮನೆ ಇರುತ್ತದೆ. ಕೆಲವೇ ವರ್ಷಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಇಮ್ಮಡಿಯಾಗಿ 180ರ ಆಸುಪಾಸಿಗೆ ಬಂತು. ಸುಮಾರು ಅರ್ಧದಷ್ಟು ಮಕ್ಕಳು ಹೊರಗಿನವರು. ದ್ವೀಪದ ಮಕ್ಕಳಿಗೆ ಇದರಿಂದ ಆದ ಲಾಭ ಸಂಖ್ಯೆಯಲ್ಲಿ ಕಾಣುವುದಿಲ್ಲ. ಟೋಕಿಯೊದಿಂದ ಬಂದ ಸಹಪಾಠಿ ತಾನು ದಿನಾ ನೋಡುವ ಕಡಲನ್ನು, ಜನರನ್ನು ಬೆರಗಿನಿಂದ ನೋಡುವಾಗ, ‘ಇಲ್ಲಿ ಏನಿದೆ ಮಣ್ಣು?’ ಎಂದು ಕೇಳಿಕೊಂಡೇ ಬೆಳೆದ ಹುಡುಗನಿಗೆ ಊರು ಬೇರೆ ಬಗೆಯಲ್ಲಿ ಕಾಣತೊಡಗುತ್ತದೆ.

ಇದನ್ನು ಎಲ್ಲಿ ಬೇಕಾದರೂ ಹಾಗೇ ಇಳಿಸಬಹುದು ಎಂದು ನಾನು ಹೇಳುವುದಿಲ್ಲ. ಆಮಾದಲ್ಲಿ ಊರಿನ ಆಡಳಿತ ತನ್ನ ಸಂಬಳವನ್ನೇ ಕಡಿತ ಮಾಡಿಕೊಂಡು ಹಣ ಹೊಂದಿಸಿತ್ತು, ಅಂಥ ನಾಯಕತ್ವ ಎಲ್ಲೆಡೆ ಸಿಗುವುದಿಲ್ಲ. ಐವತ್ತು ಜನರ ದ್ವೀಪಕ್ಕೆ ಹೈಸ್ಕೂಲ್ ಕೇಳುವುದೂ ಸಾಧ್ಯವಿಲ್ಲ. ಆದರೆ ಅದರ ಒಳಗಿನ ಒಂದು ಅಂಶವನ್ನು ಯಾವ ಊರೂ ಎರವಲು ಪಡೆಯಬಹುದು: ಮನೆ ಬಿಟ್ಟ ಮಗುವಿಗೆ ಹೊಸ ಊರಿನಲ್ಲಿ ಹೆಸರು ಹಿಡಿದು ಕರೆಯುವ ಒಂದು ಮನೆ. ಅದಕ್ಕೆ ಕಾಯಿದೆ ಬೇಡ, ಸಮಿತಿ ಬೇಡ.

ಪರದೆಯ ಮೇಲಿನ ಪಾಠ

ದೂರಶಿಕ್ಷಣದ ಬಗ್ಗೆ ದ್ವೀಪಗಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯ 1968ರಲ್ಲಿ ಫಿಜಿಯ ಸುವಾದಲ್ಲಿ ಆರಂಭವಾಯಿತು. ಹನ್ನೆರಡು ದ್ವೀಪ ದೇಶ-ಪ್ರದೇಶಗಳು ಅದರ ಜಂಟಿ ಒಡೆಯರು. ಸಾವಿರಾರು ಮೈಲಿ ಹರಡಿಕೊಂಡ ಕಡಲಿನ ಮೇಲೆ ಪಾಠ ತಲುಪಿಸಲು ಅದು 1970ರ ದಶಕದಲ್ಲೇ ಉಪಗ್ರಹವನ್ನು ಬಳಸಿತ್ತು. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಅಂಡ್ ಐಲ್ಯಾಂಡ್ಸ್ ವಿಶ್ವವಿದ್ಯಾಲಯಕ್ಕೆ 2011ರಲ್ಲಿ ಆ ಸ್ಥಾನಮಾನ ಸಿಕ್ಕಿತು. ಶೆಟ್ಲೆಂಡ್, ಆರ್ಕ್ನಿ, ಹೊರ ಹೆಬ್ರಿಡೀಸ್‌ಗಳಲ್ಲಿ ಅದಕ್ಕೆ ಕಾಲೇಜುಗಳಿವೆ, ಮನೆಯಲ್ಲಿದ್ದೇ ಪದವಿ ಮುಗಿಸುವ ದಾರಿಯಿದೆ. ಲೂಯಿಸ್ ದ್ವೀಪದ ಸ್ಟಾರ್ನೊವೇ ಪಟ್ಟಣದಿಂದ 2016ರಲ್ಲಿ ಆರಂಭವಾದ ‘ಇ-ಸ್ಗೋಯಿಲ್’ ಎಂಬ ಆನ್‌ಲೈನ್ ಶಾಲೆ, ಒಬ್ಬಿಬ್ಬರೇ ಆಯ್ದುಕೊಳ್ಳುವ ವಿಷಯಗಳಿಗೆ ದೂರದಿಂದ ಶಿಕ್ಷಕರನ್ನು ಒದಗಿಸುತ್ತದೆ. ಭೌತಶಾಸ್ತ್ರದ ಮೇಷ್ಟ್ರಿಲ್ಲದ ಶಾಲೆಯ ಹುಡುಗಿ ಆ ಒಂದೇ ಕಾರಣಕ್ಕೆ ಎಂಜಿನಿಯರಿಂಗ್ ಆಸೆ ಬಿಡಬೇಕಾಗಿಲ್ಲ ಎಂಬುದು ಸಣ್ಣ ಮಾತಲ್ಲ.

ಆದರೂ ಈ ಪಾಠವೆಲ್ಲ ಒಂದು ತಂತಿಯ ಮೇಲೆ ನಿಂತಿದೆ. 2022ರ ಜನವರಿಯಲ್ಲಿ ಪೆಸಿಫಿಕ್ ಕಡಲಿನ ದ್ವೀಪ ದೇಶ ಟೊಂಗಾದ ಜ್ವಾಲಾಮುಖಿ ಸ್ಫೋಟಿಸಿದಾಗ ಕಡಲಡಿಯ ಕೇಬಲ್ ತುಂಡಾಗಿ ಮುಖ್ಯ ದ್ವೀಪಕ್ಕೇ ವಾರಗಟ್ಟಲೆ ಸರಿಯಾದ ಸಂಪರ್ಕವಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಬಲ್‌ಗೆ ಹಾನಿಯಾಗಿ ಶೆಟ್ಲೆಂಡಿನ ಫೋನು, ಇಂಟರ್ನೆಟ್ಟು ಸ್ತಬ್ಧವಾದವು. ಪರದೆ ವಿಷಯವನ್ನು ತಲುಪಿಸುತ್ತದೆ, ಸಹವಾಸವನ್ನಲ್ಲ ಎಂಬುದು ಇನ್ನೊಂದು ಮಿತಿ. ಆನ್‌ಲೈನ್ ತರಗತಿ ಚೆನ್ನಾಗಿ ನಡೆಯುವ ಕಡೆಗಳಲ್ಲೆಲ್ಲ ಪರದೆಯ ಈಚೆಗೆ, ಮಗುವಿನ ಪಕ್ಕದಲ್ಲಿ, ಒಬ್ಬ ದೊಡ್ಡವರು ಕೂತಿರುತ್ತಾರೆ.

ಮುಂದಿನ ಕೆಲಸ ಎಲ್ಲಿದೆ?

ಮೇನ್‌ನಲ್ಲಿ ಎಂಟು ವರ್ಷದ ಮಗುವೂ ವಿದ್ಯಾರ್ಥಿ ಪರವಾನಗಿ ಪಡೆದು, ಕೆಲವು ಬೋನುಗಳನ್ನು ಇಳಿಸಿ ಲಾಬ್‌ಸ್ಟರ್ ಹಿಡಿಯಬಹುದು. ವಯಸ್ಸಿನೊಂದಿಗೆ ಬೋನುಗಳ ಸಂಖ್ಯೆಯೂ ಏರುತ್ತದೆ. ದುಡಿಮೆಯ ಗೌರವ, ಕಡಲಿನ ಅರಿವು, ಸ್ವಂತ ಗಳಿಕೆ ಇವೆಲ್ಲ ಬಾಲ್ಯದಲ್ಲೇ ಕೈಗೆ ಬರುತ್ತವೆ. ಆದರೆ ಹದಿನೇಳರ ಹುಡುಗ ಬೇಸಿಗೆಯಲ್ಲಿ ಚೆನ್ನಾಗಿ ಗಳಿಸುತ್ತಿರುವಾಗ ‘ಕಾಲೇಜು ಏಕೆ?’ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಮೇನ್ ಕೊಲ್ಲಿಯ ನೀರು ಜಗತ್ತಿನ ಬಹುಪಾಲು ಕಡಲುಗಳಿಗಿಂತ ವೇಗವಾಗಿ ಬಿಸಿಯಾಗುತ್ತಿದೆ, ಲಾಬ್‌ಸ್ಟರ್ ತಂಪು ನೀರಿನ ಜೀವಿ. ದೋಣಿಗಾಗಿ ದೊಡ್ಡ ಸಾಲ ಮಾಡುವ ಮೊದಲು ಇಂಥ ಮಾತನ್ನು ಅವನೊಡನೆ ನೇರವಾಗಿ ಆಡುವವರು ಬೇಕು, ಅದೂ ಮೀನುಗಾರಿಕೆಯನ್ನು ಹೀಗಳೆಯದೆ.

ಉದ್ಯೋಗ ಮಾರ್ಗದರ್ಶನ ಎಂದರೆ ಬಹುತೇಕ ಕಡೆ ಹೊರಗಿನ ಕೋರ್ಸುಗಳ ಪಟ್ಟಿ. ದ್ವೀಪದೊಳಗಿನ ಕೆಲಸಗಳು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಆರ್ಕ್ನಿಯಲ್ಲಿ 2003ರಲ್ಲಿ ಆರಂಭವಾದ ಯುರೋಪಿಯನ್ ಮರೀನ್ ಎನರ್ಜಿ ಸೆಂಟರ್, ಅಲೆ ಮತ್ತು ಉಬ್ಬರವಿಳಿತದಿಂದ ವಿದ್ಯುತ್ ತೆಗೆಯುವ ಯಂತ್ರಗಳನ್ನು ನಿಜವಾದ ಕಡಲಿನಲ್ಲೇ ಪರೀಕ್ಷಿಸುತ್ತದೆ. ಅಂಥ ಕಡೆ ದೋಣಿ ನಡೆಸುವವರು, ಮುಳುಗುಗಾರರು, ಎಲೆಕ್ಟ್ರಿಷಿಯನ್‌ಗಳು, ಸಮುದ್ರಜೀವಿಗಳ ಅಧ್ಯಯನ ಮಾಡಿದವರು ಎಲ್ಲರೂ ಬೇಕು. ಇಂಥ ಯೋಜನೆ ಊರಿಗೆ ಬಂದಾಗ ಸಮುದಾಯ ಮೊದಲೇ ಪಟ್ಟು ಹಿಡಿಯಬೇಕಾದ ವಿಷಯ ಒಂದಿದೆ: ತರಬೇತಿಯ ಜಾಗ ನಮ್ಮ ಮಕ್ಕಳಿಗೆ ಎಷ್ಟು? ಆ ಮಾತು ಒಪ್ಪಂದದ ಕಾಗದದಲ್ಲಿ ಇಲ್ಲದಿದ್ದರೆ ಎಂಜಿನಿಯರುಗಳು ಹೊರಗಿನಿಂದ ಬರುತ್ತಾರೆ, ಊರಿನ ಮಕ್ಕಳಿಗೆ ಅವರ ಸಾಮಾನು ಇಳಿಸುವ ಕೆಲಸ ಉಳಿಯುತ್ತದೆ.

ಹೆಣ್ಣುಮಕ್ಕಳ ವಿಚಾರವನ್ನು ಇಲ್ಲಿ ಬೇರೆಯಾಗಿಯೇ ಎತ್ತಬೇಕು. ಉತ್ತರ ಅಟ್ಲಾಂಟಿಕ್ ಕಡಲಿನ ಫಾರೋ ದ್ವೀಪಗಳಲ್ಲಿ ಗಂಡಸರಿಗಿಂತ ಹೆಂಗಸರ ಸಂಖ್ಯೆ ಕಡಿಮೆ. ಓದಲು ಹೊರಟ ಹುಡುಗಿಯರಲ್ಲಿ ಅನೇಕರು ಮರಳದಿರುವುದು ಅದಕ್ಕೆ ಒಂದು ಕಾರಣ. ದೋಣಿ, ಬಲೆ, ಯಂತ್ರಗಳ ಸುತ್ತ ಕಟ್ಟಿದ ದುಡಿಮೆಯಲ್ಲಿ ಓದಿದ ಹುಡುಗಿಗೆ ಜಾಗ ಮಾಡಿಕೊಡದ ಊರು, ಅವಳು ಮರಳಲಿಲ್ಲ ಎಂದು ಕೊರಗುವುದರಲ್ಲಿ ಅರ್ಥವಿಲ್ಲ.

ಮರಳುವವರಿಗೆ ಮನೆ

ದ್ವೀಪದ ಹಿರಿಯರು ಮಕ್ಕಳಿಗೆ ಎರಡು ವಿರುದ್ಧ ಮಾತುಗಳನ್ನು ಹೇಳುತ್ತಾರೆ. ‘ಓದಿ ದೊಡ್ಡವನಾಗು, ಇಲ್ಲಿ ಕೊಳೆಯಬೇಡ’ ಎನ್ನುವುದೂ ಅವರೇ, ‘ಎಲ್ಲರೂ ಹೊರಟೇ ಹೋದರು’ ಎಂದು ನಿಟ್ಟುಸಿರು ಬಿಡುವುದೂ ಅವರೇ. ಮರಳಿ ಬಂದವನನ್ನು ‘ಅಷ್ಟು ಓದಿ ಮತ್ತೆ ಇಲ್ಲಿಗೇ ಬಂದೆಯಾ?’ ಎಂದು ಕೇಳುವವರೂ ಇದ್ದಾರೆ. ಹೋದವನಿಗೆ ಅಪರಾಧ ಭಾವ, ಬಂದವನಿಗೆ ಸೋಲಿನ ಭಾವ. ಇದು ಹಣದಿಂದ ಸರಿಹೋಗುವ ಸಂಗತಿಯಲ್ಲ. ಹೋದವರಿಗೆ ಹೊರೆ ಹೊರಿಸದಿರುವುದು, ಬಂದವರಿಗೆ ಹೆಗಲು ಕೊಡುವುದು ಊರಿನವರ ನಾಲಗೆಯಿಂದಲೇ ಶುರುವಾಗಬೇಕು.

ನಾಲಗೆಯ ನಂತರ ಮನೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಎಗ್ ದ್ವೀಪವನ್ನು 1997ರಲ್ಲಿ ಅಲ್ಲಿನ ಜನರೇ ಸಮುದಾಯದ ಟ್ರಸ್ಟಿನ ಮೂಲಕ ಕೊಂಡುಕೊಂಡರು. ಆಗ ಅಲ್ಲಿದ್ದವರು ಅರವತ್ತರ ಮೇಲೆ ಕೆಲವರು. ಜಮೀನುದಾರನ ಮರ್ಜಿಯಲ್ಲಿ ನಾಳೆ ಎಬ್ಬಿಸಿದರೆ ಎಂಬ ಅಂಜಿಕೆಯಲ್ಲಿ ಯಾರೂ ಮನೆ ಕಟ್ಟುವಂತಿರಲಿಲ್ಲ. ನೆಲ ಸಮುದಾಯದ್ದಾದ ಮೇಲೆ ಭದ್ರ ಗೇಣಿ ಸಿಕ್ಕಿತು, 2008ರಲ್ಲಿ ನೀರು, ಗಾಳಿ, ಬಿಸಿಲಿನಿಂದ ದ್ವೀಪದ ಸ್ವಂತ ವಿದ್ಯುತ್ ಬಂತು. ಹೈಸ್ಕೂಲಿಗಾಗಿ ಮಲೇಗ್ ಪಟ್ಟಣಕ್ಕೆ ಹೋಗಬೇಕಾದ ಮಕ್ಕಳ ಊರು ಇದು. ಅಂಥ ಮಕ್ಕಳಲ್ಲಿ ಕೆಲವರು ದೊಡ್ಡವರಾಗಿ ಮರಳಿ ಬಂದು ಅಲ್ಲೇ ಮನೆ ಕಟ್ಟಿಕೊಂಡರು. ಜನಸಂಖ್ಯೆ ನೂರು ದಾಟಿತು. ಶಿಕ್ಷಣ ಇಲಾಖೆಯ ಯಾವ ಯೋಜನೆಯೂ ಮಾಡದ ಕೆಲಸವನ್ನು ಅಲ್ಲಿ ಜಮೀನಿನ ಹಕ್ಕು ಮಾಡಿತು.

ಹೆಚ್ಚಿನ ದ್ವೀಪಗಳಲ್ಲಿ ಆಗುತ್ತಿರುವುದು ಇದರ ತಿರುವುಮುರುವು. ಬೇಸಿಗೆಗೆ ಬರುವವರು ಮನೆಗಳನ್ನು ಕೊಂಡು ವರ್ಷದ ಬಹುಪಾಲು ಬೀಗ ಹಾಕುತ್ತಾರೆ, ಬೆಲೆ ಊರಿನ ಯುವಕರ ಕೈಗೆಟುಕುವುದಿಲ್ಲ. ಶಾಲೆಗೆ ಬರಲೊಪ್ಪಿದ ಶಿಕ್ಷಕಿಗೂ ಬಾಡಿಗೆ ಮನೆ ಸಿಗದೆ ಹುದ್ದೆ ಖಾಲಿ ಉಳಿಯುತ್ತದೆ. ಶಿಕ್ಷಣದ್ದೊಂದು ಸಮಿತಿ, ವಸತಿಯದ್ದೊಂದು ಸಮಿತಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಬೇರೆ ಬೇರೆಯಾಗಿ ಸಭೆ ಸೇರುತ್ತವೆ. ಸ್ಕಾಟ್ಲೆಂಡ್ 2018ರಲ್ಲಿ ದ್ವೀಪಗಳಿಗಾಗಿಯೇ ಒಂದು ಕಾಯಿದೆ ತಂದಿತು. ದ್ವೀಪದವರ ಮೇಲೆ ಬೇರೆಯೇ ಬಗೆಯ ಪರಿಣಾಮ ಬೀರಬಹುದಾದ ನೀತಿಯನ್ನು ಸಾರ್ವಜನಿಕ ಸಂಸ್ಥೆಗಳು ಆ ದೃಷ್ಟಿಯಿಂದ ತೂಗಿ ನೋಡಲೇಬೇಕು ಎಂದು ಅದು ಹೇಳುತ್ತದೆ. ಈ ತೂಗುವಿಕೆ ದೋಣಿಯ ವೇಳಾಪಟ್ಟಿಗೆ, ವಿದ್ಯಾರ್ಥಿನಿಲಯದ ಸಿಬ್ಬಂದಿ ಕಡಿತಕ್ಕೆ, ಮನೆ ಕಟ್ಟುವ ಪರವಾನಗಿಗೆ ಅನ್ವಯವಾದಾಗಲೇ ಮಕ್ಕಳಿಗೆ ಅದರ ಪ್ರಯೋಜನ ದಕ್ಕುವುದು.

ದ್ವೀಪಗಳ ದತ್ತಿನಿಧಿಗಳ ಬಳಿ ಹಣವಿಲ್ಲ ಎಂದಲ್ಲ. ಮುಂದಿನ ಬಾರಿ ವಿದ್ಯಾರ್ಥಿವೇತನದ ಅರ್ಜಿ ನೋಡಲು ಕೂರುವ ಟ್ರಸ್ಟಿಗಳು ಅದೇ ಮೇಜಿನ ಮೇಲೆ ಇನ್ನು ಮೂರು ಬಾಬತ್ತುಗಳನ್ನು ಇಟ್ಟುಕೊಳ್ಳಬಹುದು: ಹವಾಮಾನದಿಂದ ಪ್ರಯಾಣ ರದ್ದಾದಾಗ ಮಗು ಬೇರೆ ದಾರಿಯಲ್ಲಿ ಮನೆ ಸೇರುವ ಖರ್ಚು, ವಿದ್ಯಾರ್ಥಿನಿಲಯದಲ್ಲಿ ರಾತ್ರಿ ಇರುವ ಒಬ್ಬರ ಐದು ವರ್ಷದ ಸಂಬಳ, ಮತ್ತು ಓದು ಮುಗಿಸಿ ಮರಳಿ ಬರುವವರಿಗೆ ಎರಡು ವರ್ಷದ ಮಟ್ಟಿಗೆ ಕಡಿಮೆ ಬಾಡಿಗೆಗೆ ಕೊಡುವ ಎರಡು ಮನೆ.